ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತಾರೆ. ಇವತ್ತು ಎಣಿಸಿ ನೋಡಿದೆ

ಲೆಕ್ಕದಪುಸ್ತಕ · ಶನಿವಾರ, ರಾತ್ರಿ 9:10

ನಮ್ಮಂಥ ಸಣ್ಣ ನಗರದಲ್ಲೂ ಈಗ ಎಲ್ಲರ ಬಾಯಲ್ಲಿ ಒಂದೇ ಮಾತು. ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಹೋದ ವಾರ ಔಷಧಿ ತರಲು ಹೋದವನು ಮೂರು ಸುತ್ತು ಹೊಡೆದೆ. ಕೊನೆಗೆ ನಿಂತ ಕಾರಿನ ಪಕ್ಕಕ್ಕೇ ಕಾರು ನಿಲ್ಲಿಸಿ ಓಡಿ ಹೋಗಿ ಬಂದೆ. ಬರುವಷ್ಟರಲ್ಲಿ ಹಿಂದೆ ಒಂದು ಬಸ್ಸು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ, ಸುಮ್ನೆ ನೋಡಿದ. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅದಕ್ಕೇ ಇವತ್ತು ಒಂದು ಕೆಲಸ ಮಾಡಿದೆ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ, ಅರ್ಧ ಗಂಟೆಗೊಮ್ಮೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆ. ನಿಂತಿರುವ ಕಾರುಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಂಡೆ. ಎರಡೂ ಬದಿ ಸೇರಿದರೆ 40 ಕಾರು ಹಿಡಿಯುವ ಬೀದಿ ಅದು. ಅದರಲ್ಲಿ 17 ಕಾರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲುಗಾಡಲಿಲ್ಲ. ಉಳಿದ 23 ಜಾಗದಲ್ಲೇ ಊರಿನವರೆಲ್ಲ ಬಂದು, ನಿಲ್ಲಿಸಿ, ಹೋಗುತ್ತಿದ್ದಾರೆ. ಬಂದು ಹೋದವು ನೂರಕ್ಕೂ ಜಾಸ್ತಿ.

ಆ 17ರಲ್ಲಿ 11 ಕಾರಿನ ಮಾಲೀಕರು ನನಗೆ ಗೊತ್ತು. ಎಲ್ಲರೂ ಅದೇ ಬೀದಿಯಲ್ಲಿ ಅಂಗಡಿ ಇರುವವರು, ಇಲ್ಲಾ ಅಲ್ಲಿ ಕೆಲಸ ಮಾಡುವವರು. ಒಂದಂತೂ ಬೂದು ಬಣ್ಣದ ಕವರ್ ಹೊದ್ದು ಮಲಗಿದೆ. ಟೈರಿನ ಗಾಳಿ ಅರ್ಧ ಇಳಿದಿದೆ, ಬುಡದಲ್ಲಿ ಹುಲ್ಲು ಬಂದಿದೆ. ಕೆಳಗೆ ಬೆಕ್ಕು ಮರಿ ಹಾಕಿದೆ. ಮೂರು ಮರಿ, ಅದನ್ನೂ ಎಣಿಸಿದೆ.

ಈಗ ನನ್ನ ಪ್ರಶ್ನೆ. ನಗರಸಭೆಯವರು ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮಾತು ಆಡುತ್ತಿದ್ದಾರೆ. ಅದು ನಿಜವಾಗಿಯೂ ಬೇಕಾ? ಅಥವಾ ಈ 17 ಕಾರಿಗೆ ಬೇರೆ ದಾರಿ ತೋರಿಸಿದರೆ ಸಾಕಾ?

---

ಸುಮ್ನೆಓದುವವ · 9:22

ಒಂದೇ ದಿನ 19 ಸಲ ಬೀದಿ ಅಳೆದಿರಾ? ನಿಮಗೆ ಕಾರೇ ಬೇಡ ಬಿಡಿ.

---

ಅಂಗಡಿಬಾಗಿಲು · 9:41

ಆ 11ರಲ್ಲಿ ನನ್ನದೂ ಇದೆ ಅಂತ ಕಾಣುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಾಮಿ, ನಾನು ಬೆಳಿಗ್ಗೆ ಸರಕು ಇಳಿಸಬೇಕು, ರಾತ್ರಿ ದುಡ್ಡಿನ ಚೀಲ ಹಿಡಿದು ಮನೆಗೆ ಹೋಗಬೇಕು. ಕಾರನ್ನು ಅರ್ಧ ಮೈಲಿ ಆಚೆ ನಿಲ್ಲಿಸಿ ಕತ್ತಲಲ್ಲಿ ನಡೆದು ಹೋಗಲಾ? ಇನ್ನೊಂದು ಮಾತು. ಬೀದಿಗೆ ಶುಲ್ಕ ಹಾಕಿದ ದಿನವೇ ಗಿರಾಕಿ ಊರಾಚೆಯ ದೊಡ್ಡ ಮಳಿಗೆಗೆ ಹೋಗುತ್ತಾನೆ. ಅಲ್ಲಿ ಮೈದಾನದಷ್ಟು ಜಾಗ, ಅದೂ ಪುಕ್ಕಟೆ. ಆಮೇಲೆ ನಿಮ್ಮ 40 ಜಾಗವೂ ಖಾಲಿ ಸಿಗುತ್ತೆ, ನಮ್ಮ ಅಂಗಡಿಗಳೂ ಖಾಲಿ ಇರುತ್ತವೆ. ಖುಷಿನಾ?

---

ರಸ್ತೆಮೇಸ್ತ್ರಿ · 10:05

ಲೆಕ್ಕದಪುಸ್ತಕ ಅವರೇ, ನೀವು ಕಂಡುಹಿಡಿದದ್ದು ತೊಂಬತ್ತು ವರ್ಷದ ಹಳೇ ರೋಗ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್, ಅಂದರೆ ಗಾಡಿ ನಿಲ್ಲಿಸುವ ಹೊತ್ತಿಗೆ ಕಾಸು ಹಾಕುವ ಯಂತ್ರ, ನಿಂತದ್ದು 1935ರ ಜುಲೈನಲ್ಲಿ, ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ. ಯಾಕೆ ಗೊತ್ತಾ? ಪೇಟೆಯಲ್ಲಿ ಕೆಲಸ ಮಾಡುವವರೇ ಬೆಳಿಗ್ಗೆ ಬಂದು ಅಂಗಡಿ ಮುಂದೆ ಕಾರು ನಿಲ್ಲಿಸಿ, ಸಂಜೆಯವರೆಗೆ ತೆಗೆಯುತ್ತಿರಲಿಲ್ಲ. ಗಿರಾಕಿಗೆ ಜಾಗ ಇಲ್ಲ ಅಂತ ಅಲ್ಲಿನ ವ್ಯಾಪಾರಿಗಳ ಸಂಘವೇ ಒದ್ದಾಡಿತು. ಕಾರ್ಲ್ ಮ್ಯಾಗಿ ಅನ್ನುವ ಪತ್ರಿಕೆಯವರು ಇದಕ್ಕೆ ಹುಡುಕಿದ ಉಪಾಯವೇ ಮೀಟರ್. ಅಂದರೆ ಅದು ಹುಟ್ಟಿದ್ದೇ ವ್ಯಾಪಾರಿಗಳ ಅನುಕೂಲಕ್ಕೆ. ಅಂಗಡಿಬಾಗಿಲು ಅವರು ಇದನ್ನು ಗಮನಿಸಬೇಕು.

ನಾನು ರಸ್ತೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಸ್ವಲ್ಪ ಅಳತೆ ಹೇಳುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅದೇ ಕಾರನ್ನು ಕಟ್ಟಡದ ಒಳಗೆ ನಿಲ್ಲಿಸಿದರೆ, ಓಡಾಡುವ ದಾರಿ, ತಿರುವು, ಏರುದಾರಿ ಎಲ್ಲ ಸೇರಿ ಹೆಚ್ಚು ಕಡಿಮೆ ಇದರ ಎರಡರಷ್ಟು ಜಾಗ ಹೋಗುತ್ತೆ. ಕಟ್ಟಡ ಅಂದ ತಕ್ಷಣ ಜಾಗ ಉಳಿಯಿತು ಅಂದುಕೊಳ್ಳಬೇಡಿ. ಕಾಂಕ್ರೀಟಿನಲ್ಲಿ ಕೊಳ್ಳುತ್ತಿದ್ದೀರಿ, ಅಷ್ಟೇ.

ಕಾರನ್ನು ರಸ್ತೆಗೆ ಸಮಾನಾಂತರ ನಿಲ್ಲಿಸಿದರೆ ಅಂಚಿನಲ್ಲಿ ಎರಡೂವರೆ ಮೀಟರ್ ಹೋಗುತ್ತೆ. ಮೂತಿ ಗೋಡೆಗೆ ಮಾಡಿ ನೇರ ನಿಲ್ಲಿಸಿದರೆ ಐದು ಮೀಟರ್, ಹಿಂದಕ್ಕೆ ತೆಗೆಯಲು ಇನ್ನೊಂದು ಆರು ಮೀಟರ್. ನಮ್ಮ ಪೇಟೆ ಬೀದಿಯ ದಕ್ಷಿಣ ತುದಿಯಲ್ಲಿ ಎಲ್ಲರೂ ಎರಡನೆಯದನ್ನೇ ಮಾಡುತ್ತಾರೆ. ಹಾಗಾಗಿ ಒಂದು ಕಾರು ಹೊರಡಬೇಕಾದರೆ ಎರಡೂ ಕಡೆಯ ಸಂಚಾರ ನಿಲ್ಲುತ್ತೆ. ಅಲ್ಲಿ ಬಿಳಿ ಬಣ್ಣದ ಒಂದು ಗೆರೆ ಎಳೆದರೆ ಅರ್ಧ ಜಗಳ ಮುಗಿಯುತ್ತೆ.

---

ಎರಡುಚಕ್ರ · 10:18

ಕಾರಿನ ಜಾಗದಲ್ಲಿ ಐದಾರು ಸ್ಕೂಟರ್ ನಿಲ್ಲುತ್ತವೆ. ಪೇಟೆಗೆ ಬರುವವರಲ್ಲಿ ಸ್ಕೂಟರಿನವರೇ ಜಾಸ್ತಿ. ಆದರೂ ಚರ್ಚೆ ಶುರುವಾಗುವುದು ಕಾರಿನಿಂದ, ಮುಗಿಯುವುದು ಕಾರಿನಲ್ಲಿ. ಆ 40 ಜಾಗದಲ್ಲಿ ನಾಲ್ಕು ನಮಗೆ ಕೊಡಿ ನೋಡೋಣ. ಇಪ್ಪತ್ತು ಜನ ಕಡಿಮೆ ಬೈಯುತ್ತಾರೆ.

---

ತಗಾದೆ · 10:24

ಕೊಟ್ಟರೆ ಅಲ್ಲೇ ನಿಲ್ಲಿಸುತ್ತೀರಾ? ಅಂಗಡಿ ಮೆಟ್ಟಿಲ ಮೇಲೇ ಸ್ಕೂಟರ್ ಹತ್ತಿಸುವ ಜನ ನೀವು. ಹತ್ತು ಹೆಜ್ಜೆ ನಡೆಯಲು ಜೀವ ಹೋಗುತ್ತೆ.

---

ಎರಡುಚಕ್ರ · 10:26

ಕಾರಿನವರು ನಡೆದೂ ನಡೆದೂ ಸವೆದು ಹೋಗಿದ್ದಾರೆ, ಪಾಪ.

---

ಗಾಲಿಕುರ್ಚಿ · 10:50

ಇಬ್ಬರೂ ಸ್ವಲ್ಪ ತಡೀರಿ.

ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ಬ್ಯಾಂಕಿನ ಮುಂದಿನ ಫುಟ್‌ಪಾತಿಗೆ ಹೋದ ವರ್ಷ ಇಳಿಜಾರು ಮಾಡಿದರು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಆ ಇಳಿಜಾರಿನ ಬಾಯಲ್ಲೇ ದಿನವೂ ಒಂದು ಸ್ಕೂಟರ್ ಇರುತ್ತೆ. ಬೇರೆ ಬೇರೆ ಸ್ಕೂಟರ್, ಒಂದೇ ಜಾಗ. ಯಾಕಂದರೆ ಹತ್ತಿಸಲು ಅವರಿಗೂ ಅದೇ ಸುಲಭ! ನನಗೆ ಅಂತ ಮಾಡಿದ ದಾರಿ ಅವರಿಗೆ ಪಾರ್ಕಿಂಗ್ ಬಾಗಿಲಾಗಿದೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಎರಡೇ ನಿಮಿಷ ಅಕ್ಕಾ.’

ನಾನು ರಸ್ತೆಗೆ ಇಳಿಯುತ್ತೇನೆ. ಆಗ ಹಿಂದಿನ ಕಾರಿನವನಿಗೆ ಸಿಟ್ಟು ಬರುತ್ತೆ.

ನಮ್ಮಂಥವರ ಗಾಡಿಗಳಿಗೆ ಮೀಸಲು ಗುರುತು ಹಾಕುವಾಗ ಒಂದು ವಿಷಯ ನೆನಪಿಡಿ. ಕಾರಿನ ಬಾಗಿಲು ಪೂರ್ತಿ ತೆರೆದು ಪಕ್ಕದಲ್ಲಿ ಕುರ್ಚಿ ಇಳಿಸಬೇಕು ಅಂದರೆ ಎರಡೂವರೆ ಮೀಟರ್ ಅಗಲ ಸಾಲುವುದಿಲ್ಲ. ಇನ್ನೊಂದು ಮೀಟರಾದರೂ ಬೇಕು. ಬರೀ ನೀಲಿ ಬಣ್ಣ ಬಳಿದರೆ ಆಗಲಿಲ್ಲ.

---

ಎರಡುಚಕ್ರ · 11:02

ನಾನು ಆ ಇಳಿಜಾರಿನಲ್ಲಿ ನಿಲ್ಲಿಸಿದ್ದೇನೆ. ಒಂದೆರಡು ಸಲ. ತಪ್ಪಾಯಿತು.

---

ಕೊನೆಬಸ್ಸು · ಭಾನುವಾರ, ಬೆಳಿಗ್ಗೆ 6:35

ಸುಮ್ನೆ ನೋಡಿದ ಆ ಡ್ರೈವರ್ ನಾನಲ್ಲ. ಆದರೆ ಆ ನೋಟ ಗೊತ್ತು, ನಮಗೆಲ್ಲ ಅದು ಅಭ್ಯಾಸ. ಹಾರ್ನ್ ಹೊಡೆದು ಗಂಟಲು ಯಾಕೆ ಹರಿದುಕೊಳ್ಳುವುದು.

ನಮಗೆ ಅಂಚಿನ ಪಾರ್ಕಿಂಗ್ ದೊಡ್ಡ ತೊಂದರೆ ಅಲ್ಲ. ಎರಡು ತೊಂದರೆ ಇದೆ. ಒಂದು, ನಿಂತ ಕಾರಿನ ಪಕ್ಕಕ್ಕೆ ಇನ್ನೊಂದು ಕಾರು. ಅಲ್ಲಿಗೆ ಇಡೀ ರಸ್ತೆ ಒಂದೇ ಸಾಲಾಗುತ್ತೆ. ಒಬ್ಬ ಎರಡು ನಿಮಿಷಕ್ಕೆ ಇಳಿದರೆ ಬಸ್ಸಿನಲ್ಲಿ ಕೂತ ನಲವತ್ತು ಜನಕ್ಕೂ ತಲಾ ಎರಡು ನಿಮಿಷ. ಎರಡನೆಯದು ಮೂಲೆ. ನನ್ನ ಬಸ್ಸು ಹನ್ನೆರಡು ಮೀಟರ್. ಮುಂದಿನ ಗಾಲಿ ತಿರುಗಿದ ದಾರಿಯಲ್ಲಿ ಹಿಂದಿನ ಗಾಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಔಷಧಿ ಅಂಗಡಿ ಮೂಲೆಯಲ್ಲಿ ಒಂದೇ ಒಂದು ಕಾರು ನಿಂತಿದ್ದರೂ ನಾನು ಹಿಂದೆ ಮುಂದೆ ಮಾಡಿಯೇ ತಿರುಗಬೇಕು. ಕಂಡಕ್ಟರ್ ಇಳಿದು ಕೈ ತೋರಿಸಬೇಕು.

---

ರಸ್ತೆಮೇಸ್ತ್ರಿ · 7:40

ಕೊನೆಬಸ್ಸು ಸರಿಯಾಗಿ ಹೇಳಿದರು. ಮೂಲೆ ಬಿಡಿಸುವುದಕ್ಕೆ ಹೆಚ್ಚು ಖರ್ಚೂ ಇಲ್ಲ. ರಸ್ತೆ ದಾಟುವ ಪಟ್ಟೆಯ ಆಚೀಚೆ ಐದಾರು ಮೀಟರ್ ಯಾವ ಗಾಡಿಯೂ ನಿಲ್ಲಬಾರದು. ಆಗ ದಾಟುವ ಮಗು ಡ್ರೈವರಿಗೆ ಕಾಣುತ್ತೆ, ಮಗುವಿಗೂ ಬರುವ ಗಾಡಿ ಕಾಣುತ್ತೆ. ಅಮೆರಿಕದಲ್ಲಿ ಹೊಬೊಕನ್ ಅಂತ ಒಂದು ಪುಟ್ಟ ನಗರ ಇದೆ. ಅರವತ್ತು ಸಾವಿರ ಜನ ಇರಬಹುದು, ಜಾಗ ಬಹಳ ಇಕ್ಕಟ್ಟು. ಅಲ್ಲಿ ಮೂಲೆ ಮೂಲೆಗೂ ಕಂಬ ನೆಟ್ಟು, ಬಣ್ಣ ಬಳಿದು ಪಾರ್ಕಿಂಗ್ ತೆಗೆದರು. ವೇಗವನ್ನೂ ತಗ್ಗಿಸಿದರು. 2017ರಿಂದ ಏಳು ವರ್ಷ ಅಲ್ಲಿನ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ನಾಲ್ಕು ಪ್ಲಾಸ್ಟಿಕ್ ಕಂಬ ನೆಡಲು ದೊಡ್ಡ ಯೋಜನೆ ಬೇಕಾಗಿಲ್ಲ.

---

ಮೂರನೇಮಹಡಿ · 8:15

ಬಹುಮಹಡಿ ಕಟ್ಟಡದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ನಾನು ಮೊದಲಿದ್ದ ಊರಿನಲ್ಲಿ ಅಂಥದ್ದೊಂದು ಕಟ್ಟಿದ್ದರು. ನೆಲಮಹಡಿ ತುಂಬುತ್ತಿತ್ತು. ಒಂದನೇ ಮಹಡಿ ಅರ್ಧ. ಎರಡರಿಂದ ಮೇಲೆ ಪಾರಿವಾಳ. ಕಟ್ಟಡದ ಗೇಟಿನ ಮುಂದೆ ರಸ್ತೆಯಲ್ಲಿ ಮಾತ್ರ ಸಾಲಾಗಿ ಕಾರು, ಜಾಗ ಇಲ್ಲ ಅಂತ ಜಗಳ.

---

ತಗಾದೆ · 8:21

ಏಕೆಂದರೆ ಜನ ಸೋಮಾರಿಗಳು.

---

ಮೂರನೇಮಹಡಿ · 8:30

ಅಲ್ಲ. ಒಳಗೆ ದುಡ್ಡು, ಹೊರಗೆ ಪುಕ್ಕಟೆ. ಅಷ್ಟೇ ವಿಷಯ. ಅಂಗಡಿ ಬಾಗಿಲ ಹತ್ತಿರದ ಜಾಗ ಎಲ್ಲರಿಗೂ ಬೇಕಾದದ್ದು, ಅದಕ್ಕೆ ಕಾಸಿಲ್ಲ. ಯಾರಿಗೂ ಬೇಡದ ಮೂರನೇ ಮಹಡಿಗೆ ಚೀಟಿ ಹರಿಯುತ್ತಾರೆ. ತಿರುಗಾಮುರುಗಾ ಆಗಬೇಕಿತ್ತು ತಾನೆ?

---

ದೂರದೂರು · 9:05

ಇದನ್ನೇ ಜೀವನಪೂರ್ತಿ ಹೇಳಿದವರು ಡೊನಾಲ್ಡ್ ಶೂಪ್. ಲಾಸ್ ಏಂಜಲೀಸಿನಲ್ಲಿ ಪ್ರೊಫೆಸರ್ ಆಗಿದ್ದರು, 2025ರಲ್ಲಿ ತೀರಿಕೊಂಡರು. ಅವರ ಮಾತು ಬಹಳ ಸರಳ. ಯಾವ ಹೊತ್ತಿನಲ್ಲಿ ಹೋದರೂ ಪ್ರತಿ ಬೀದಿಯಲ್ಲಿ ಒಂದೆರಡು ಜಾಗ ಖಾಲಿ ಇರಬೇಕು. ಅಂದರೆ ನೂರಕ್ಕೆ 85ರಷ್ಟು ತುಂಬಿರಲಿ. ಪೂರ್ತಿ ತುಂಬಿದರೆ ಶುಲ್ಕ ಕಡಿಮೆ ಆಯಿತು ಅಂತ ಅರ್ಥ, ಏರಿಸಿ. ಅರ್ಧ ಖಾಲಿ ಇದ್ದರೆ ಜಾಸ್ತಿ ಆಯಿತು ಅಂತ, ಇಳಿಸಿ. ಬೆಳಿಗ್ಗೆ ಹತ್ತಕ್ಕೆ ಯಾರೂ ಬರದ ಬೀದಿಗೆ ಶುಲ್ಕವೇ ಬೇಡ.

ನಮ್ಮ ಬೀದಿಗೆ ಹಾಕಿ ನೋಡಿ. 40ರಲ್ಲಿ 34 ತುಂಬಿ, 6 ಖಾಲಿ. ಲೆಕ್ಕದಪುಸ್ತಕ ಅವರು ಮೂರು ಸುತ್ತು ಹೊಡೆಯುತ್ತಿರಲಿಲ್ಲ, ಬಸ್ಸೂ ನಿಲ್ಲುತ್ತಿರಲಿಲ್ಲ. ಪೇಟೆಯಲ್ಲಿ ಓಡುವ ಗಾಡಿಗಳಲ್ಲಿ ಒಂದಷ್ಟು ಎಲ್ಲಿಗೂ ಹೋಗುತ್ತಿರುವುದಿಲ್ಲ. ಜಾಗ ಹುಡುಕುತ್ತಾ ಸುತ್ತುತ್ತಿರುತ್ತವೆ ಅಷ್ಟೇ.

---

ಅಂಗಡಿಬಾಗಿಲು · 9:48

ಪ್ರೊಫೆಸರರು ಎಂದಾದರೂ ಅಂಗಡಿ ಇಟ್ಟಿದ್ದರಾ? ಆರು ಜಾಗ ಖಾಲಿ ಅಂದರೆ ಆರು ಗಿರಾಕಿ ಬರಲಿಲ್ಲ ಅಂತ ಅರ್ಥ ನಮಗೆ.

---

ದೂರದೂರು · 10:10

ಗಿರಾಕಿ ಬರಲಿ ಅಂತಲೇ ಆ ಆರು ಖಾಲಿ ಇರುವುದು. ಅಂಗಡಿಯಲ್ಲಿ ಒಂದು ಕುರ್ಚಿ ಯಾಕೆ ಖಾಲಿ ಇಡುತ್ತೀರಿ, ಬಂದವರು ಕೂರಲಿ ಅಂತ ತಾನೆ? ಅದರಲ್ಲಿ ನೀವೇ ದಿನವಿಡೀ ಕೂತಿದ್ದರೆ?

ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಹಳೇ ಪೇಟೆಯಲ್ಲೂ ವ್ಯಾಪಾರಿಗಳು ಮೀಟರಿಗೆ ಒಪ್ಪಿರಲಿಲ್ಲ. ನಿಮ್ಮ ಮಾತೇ ಅವರದ್ದೂ. 1993ರಲ್ಲಿ ನಗರದವರು ಒಂದು ಒಪ್ಪಂದಕ್ಕೆ ಬಂದರು. ಈ ಬೀದಿಯ ಮೀಟರಿನ ದುಡ್ಡು ಈ ಬೀದಿಗೇ. ಆ ದುಡ್ಡಲ್ಲಿ ಫುಟ್‌ಪಾತು, ದೀಪ, ಮರ, ಗುಡಿಸುವ ಕೆಲಸ ಎಲ್ಲ ಆಯಿತು. ಪಾಳು ಬಿದ್ದಂತಿದ್ದ ಪೇಟೆಗೆ ಜನ ಬರತೊಡಗಿದರು. ದುಡ್ಡು ಎಲ್ಲೋ ದೊಡ್ಡ ಖಜಾನೆಗೆ ಹೋಗುತ್ತೆ ಅಂದಾಗ ಯಾರೂ ಒಪ್ಪಲ್ಲ. ನನ್ನ ಅಂಗಡಿ ಮುಂದಿನ ಚರಂಡಿಗೆ ಚಪ್ಪಡಿ ಬೀಳುತ್ತೆ ಅಂದರೆ ಮಾತೇ ಬೇರೆ.

ಇನ್ನೊಂದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರ ಒಂದು ಸಮೀಕ್ಷೆಯಲ್ಲಿ ಅಂಗಡಿಯವರನ್ನು ಕೇಳಿದರು, ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ ಕಾರಿನಲ್ಲಿ ಬರುತ್ತಾರೆ ಅಂತ. ನೂರಕ್ಕೆ 41 ಅಂದರು. ಗಿರಾಕಿಗಳನ್ನೇ ಕೇಳಿದಾಗ ಬಂದ ಲೆಕ್ಕ 22.

---

ಅಂಗಡಿಬಾಗಿಲು · 10:31

ಕುರ್ಚಿ ಉದಾಹರಣೆ ಚೆನ್ನಾಗಿದೆ, ಒಪ್ಪಿದೆ. ಬ್ರಿಸ್ಟಲ್ ಒಪ್ಪಲ್ಲ. ನಾಳೆ ನನ್ನ ಅಂಗಡಿಯಲ್ಲೇ ಕೇಳಿ ನೋಡುತ್ತೇನೆ.

---

ಪೆಟ್ಟಿಗೆಗಾಡಿ · 1:15

ಯಾರೂ ನಮ್ಮ ಸುದ್ದಿ ಎತ್ತಲಿಲ್ಲ. ನಾನು ಸರಕು ವ್ಯಾನ್ ಓಡಿಸುತ್ತೇನೆ. ಈ ಬೀದಿಯಲ್ಲಿ ದಿನಕ್ಕೆ ಎಂಟು ಹತ್ತು ಅಂಗಡಿಗೆ ಪೆಟ್ಟಿಗೆ ಇಳಿಸುತ್ತೇನೆ. ಒಂದೊಂದಕ್ಕೂ ಏಳೆಂಟು ನಿಮಿಷ. ನಾನು ರಸ್ತೆ ಮಧ್ಯ ನಿಲ್ಲಿಸುತ್ತೇನೆ, ಹೌದು. ಬೇರೆ ಎಲ್ಲಿ ನಿಲ್ಲಿಸಲಿ? ಅಂಗಡಿ ಮುಂದೆ ಅಂಗಡಿಯವರದೇ ಕಾರು. ಅವರ ಸರಕನ್ನು ಅವರ ಕಾರಿನಿಂದಾಗಿಯೇ ನಾನು ನಡುರಸ್ತೆಯಲ್ಲಿ ಇಳಿಸಬೇಕು, ಬೈಗುಳ ಮಾತ್ರ ನನಗೆ.

ಬೀದಿಗೆ ಎರಡು ಜಾಗ ಸಾಕು. ಬೆಳಿಗ್ಗೆ 11ರವರೆಗೆ ಸರಕಿನ ಗಾಡಿಗೆ, ಆಮೇಲೆ ಯಾರಾದರೂ ನಿಲ್ಲಿಸಿಕೊಳ್ಳಲಿ. ಬೋರ್ಡ್ ಒಂದೇ, ಹೊತ್ತು ಎರಡು.

---

ಸುಮ್ನೆಓದುವವ · 1:20

ಬೆಕ್ಕಿನ ಮರಿಗಳ ಬಣ್ಣ ಯಾವುದು?

---

ಲೆಕ್ಕದಪುಸ್ತಕ · 1:34

ಎರಡು ಕಂದು, ಒಂದು ಕಪ್ಪು ಬಿಳಿ. ವಿಷಯಕ್ಕೆ ಬನ್ನಿ ಮಾರಾಯ್ರೇ.

ನನಗೆ ಮೀಟರಿಗಿಂತ ಸಮಯದ ಮಿತಿ ಒಳ್ಳೆಯದು ಅನಿಸುತ್ತೆ. ಒಂದೂವರೆ ಗಂಟೆ ಪುಕ್ಕಟೆ, ಆಮೇಲೆ ತೆಗೆಯಬೇಕು. ಆದರೆ ಯಾರು ಎಷ್ಟು ಹೊತ್ತಿಗೆ ಬಂದರು ಅಂತ ನೋಡುವುದು ಹೇಗೆ? ನನ್ನ ಹಾಗೆ ದಿನವೂ 19 ಸಲ ಯಾರು ನಡೆಯುತ್ತಾರೆ?

---

ರಸ್ತೆಮೇಸ್ತ್ರಿ · 2:10

ರಟ್ಟಿನ ಗಡಿಯಾರ. ಪ್ಯಾರಿಸಿನಲ್ಲಿ 1957ರಲ್ಲಿ ನೀಲಿ ವಲಯ ಅಂತ ಶುರು ಮಾಡಿದರು. ಯುರೋಪಿನ ಸಣ್ಣ ಊರುಗಳಲ್ಲಿ ಇವತ್ತಿಗೂ ಇದೆ. ಒಂದು ರಟ್ಟಿನ ತಟ್ಟೆ, ಮೇಲೆ ಗಡಿಯಾರದ ಮುಳ್ಳು. ನಿಲ್ಲಿಸಿದ ಕೂಡಲೇ ಬಂದ ಹೊತ್ತಿಗೆ ಮುಳ್ಳು ತಿರುಗಿಸಿ ಮುಂದಿನ ಗಾಜಿನ ಹಿಂದೆ ಇಡಬೇಕು. ಕಾವಲುಗಾರ ಒಂದು ಸಲ ನಡೆದು ಬಂದರೆ ಸಾಕು, ಎಲ್ಲ ಕಾಣುತ್ತೆ. ಯಂತ್ರ ಬೇಡ, ಕರೆಂಟು ಬೇಡ, ಆ್ಯಪ್ ಬೇಡ.

---

ತಗಾದೆ · 2:16

ಮಧ್ಯೆ ಬಂದು ಮುಳ್ಳು ತಿರುಗಿಸಿ ಹೋಗುತ್ತಾರೆ. ನಾನೇ ಮೊದಲು ತಿರುಗಿಸುತ್ತೇನೆ.

---

ರಸ್ತೆಮೇಸ್ತ್ರಿ · 2:40

ತಿರುಗಿಸುತ್ತಾರೆ, ಎಲ್ಲ ಕಡೆಯೂ ಇದೆ. ಆದರೆ ಒಂದೂವರೆ ಗಂಟೆಗೊಮ್ಮೆ ಎದ್ದು ಬಂದು ತಿರುಗಿಸುವ ಉತ್ಸಾಹ ಎಷ್ಟು ದಿನ? ಅದಕ್ಕೇ ಕೆಲವು ಕಡೆ ಕಾರು ಕದಲಿತೋ ಇಲ್ಲವೋ ಗೊತ್ತಾಗಲಿ ಅಂತ ಟೈರಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಇದರದ್ದೊಂದು ತಮಾಷೆ ಕಥೆ ಇದೆ. ಅಮೆರಿಕದ ಸ್ಯಾಗಿನಾ ಅನ್ನುವ ಸಣ್ಣ ನಗರದಲ್ಲಿ ಒಬ್ಬ ಹೆಂಗಸಿಗೆ 15 ಸಲ ದಂಡ ಬಿತ್ತು. ನನ್ನ ಟೈರು ಮುಟ್ಟಲು ನೀವ್ಯಾರು ಅಂತ ಅವರು ಕೋರ್ಟಿಗೆ ಹೋದರು. 2019ರಲ್ಲಿ ಮೇಲಿನ ಕೋರ್ಟು ಅವರ ಪರವಾಗಿ ನಿಂತಿತು. ಸುಣ್ಣ ಬಳಿಯುವುದೂ ಒಂಥರಾ ತಪಾಸಣೆಯೇ, ಸುಮ್ಮಸುಮ್ಮನೆ ಮಾಡುವ ಹಾಗಿಲ್ಲ ಅಂತ. ಸೀಮೆಸುಣ್ಣದ ಮೇಲೆ ಸಂವಿಧಾನದ ಚರ್ಚೆ!

---

ಎರಡುಚಕ್ರ · 2:44

ಪಾರ್ಕಿಂಗ್ ಜಗಳಕ್ಕೆ ಸಂವಿಧಾನ ಎಳೆದು ತಂದವರಿಗೆ ದೊಡ್ಡ ನಮಸ್ಕಾರ.

---

ಮೂರನೇಮಹಡಿ · 3:30

ಪೇಟೆ ಬೀದಿ ಸರಿ. ಮನೆಗಳಿರುವ ಬೀದಿ? ಪೇಟೆಯಲ್ಲಿ ಮಿತಿ ಹಾಕಿದ ಮರುದಿನವೇ ಆ 17 ಕಾರು ಪಕ್ಕದ ನಮ್ಮ ಬೀದಿಗೆ ಬರುತ್ತವೆ. ನೀರು ಇಳಿಜಾರು ಹುಡುಕಿಕೊಂಡ ಹಾಗೆ.

ನಮ್ಮಲ್ಲಿ ಈಗಲೇ ಇಕ್ಕಟ್ಟು. ಎದುರು ಮನೆಯವರಿಗೆ ಮೂರು ಕಾರು, ಗೇಟಿನ ಒಳಗೆ ಒಂದಕ್ಕೆ ಜಾಗ. ಅದರಲ್ಲಿ ಈಗ ಹೂಕುಂಡ ಇಟ್ಟಿದ್ದಾರೆ. ಮೂರೂ ಕಾರು ರಸ್ತೆಯಲ್ಲಿ. ಒಂದು ಹೊರಗೆ ಹೋದರೆ ಆ ಜಾಗಕ್ಕೆ ಒಂದು ಹಳೇ ಟೈರು, ಟೈರಿನ ಮೇಲೆ ಕಲ್ಲು. ನಾನು ಒಂದು ರಾತ್ರಿ ಆ ಕಲ್ಲು ಸರಿಸಿ ನನ್ನ ಕಾರು ನಿಲ್ಲಿಸಿದೆ. ಬೆಳಿಗ್ಗೆ ನನ್ನ ಕಾರಿನ ಬಾನೆಟ್ ಮೇಲೆ ಅದೇ ಕಲ್ಲು ಕೂತಿತ್ತು. ಒಂದು ಗೀರೂ ಇಲ್ಲ. ಜೋಪಾನವಾಗಿ ಇಟ್ಟಿದ್ದರು, ಅಡಿಯಲ್ಲಿ ಬಟ್ಟೆ ಹಾಸಿ. ಇಂಥವರ ಜೊತೆ ಜಗಳ ಆಡುವುದು ಹೇಗೆ ಹೇಳಿ.

---

ದೂರದೂರು · 4:02

ಬಟ್ಟೆ ಹಾಸಿದ್ದು ಓದಿ ನಕ್ಕು ಸಾಕಾಯಿತು.

ಜಪಾನಿನಲ್ಲಿ 1962ರಿಂದ ಇದಕ್ಕೊಂದು ಕಾನೂನು ಇದೆ. ಕಾರು ನಿಮ್ಮ ಹೆಸರಿಗೆ ಆಗಬೇಕಾದರೆ ನಿಲ್ಲಿಸುವ ಜಾಗ ತೋರಿಸಬೇಕು. ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ಸ್ವಂತದ್ದೋ ಬಾಡಿಗೆಯದ್ದೋ. ಪೊಲೀಸರು ಸರ್ಟಿಫಿಕೇಟ್ ಕೊಡುತ್ತಾರೆ. ರಾತ್ರಿ ಹೊತ್ತು ಎಂಟು ತಾಸಿಗಿಂತ ಹೆಚ್ಚು ಒಂದೇ ಕಡೆ ರಸ್ತೆಯಲ್ಲಿ ಬಿಡುವ ಹಾಗಿಲ್ಲ. ಅದಕ್ಕೇ ಅಲ್ಲಿನ ಗಲ್ಲಿಗಳು ಅಷ್ಟು ಕಿರಿದಾದರೂ ನಡೆಯಬಹುದು.

---

ತಗಾದೆ · 4:09

ಜಪಾನ್ ಜಪಾನೇ. ಇಲ್ಲಿ ಬಾಡಿಗೆ ಕರಾರು ಸುಳ್ಳು ಮಾಡಿಕೊಂಡು ಬರುತ್ತಾರೆ. ಒಂದೇ ಗ್ಯಾರೇಜಿಗೆ ಇಪ್ಪತ್ತು ಕಾರು.

---

ರಸ್ತೆಮೇಸ್ತ್ರಿ · 4:25

ಅದೂ ನಿಜ. ಹೊಸ ಕಾನೂನು ಬರುವ ಮೊದಲು ಹಳೇ ಗೆರೆಯನ್ನೇ ನೆಟ್ಟಗೆ ಕಾಯೋಣ. ಪಕ್ಕದ ಬೀದಿಗೆ ಕಾರು ಹರಿಯದಂತೆ ಪೇಟೆ ಮತ್ತು ಸುತ್ತಲಿನ ನಾಲ್ಕು ಬೀದಿಗೆ ಒಟ್ಟಿಗೇ ನಿಯಮ ಮಾಡಬೇಕು. ಅಲ್ಲಿ ವಾಸ ಇರುವ ಮನೆಗೆ ಒಂದು ಪಾಸು. ಒಂದೇ.

---

ಕೊನೆಬಸ್ಸು · 9:50

ಪೇಟೆ ಬೀದಿಯನ್ನು ಒಂದೇ ದಿಕ್ಕಿನದ್ದು ಮಾಡಿದರೆ ಎಲ್ಲ ಸರಿ ಹೋಗುತ್ತೆ ಅಂತ ನಮ್ಮ ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಹೌದಾ?

---

ರಸ್ತೆಮೇಸ್ತ್ರಿ · 10:15

ಸರಿ ಹೋಗುವುದೂ ಇದೆ, ಕೆಡುವುದೂ ಇದೆ. ಎದುರಿನಿಂದ ಗಾಡಿ ಬರಲ್ಲ ಅಂತ ಗೊತ್ತಾದರೆ ಡ್ರೈವರ್ ಕಾಲು ಒತ್ತುತ್ತಾನೆ. ಜಾಗ ಹುಡುಕುವವನು ಇನ್ನೂ ದೊಡ್ಡ ಸುತ್ತು ಹೊಡೆಯುತ್ತಾನೆ. ಬಸ್ಸಿಗೆ ಬರುವ ನಿಲ್ದಾಣ ಒಂದು ಬೀದಿಯಲ್ಲಿ, ಹೋಗುವ ನಿಲ್ದಾಣ ಇನ್ನೊಂದರಲ್ಲಿ. ಮುದುಕರು ಹುಡುಕಬೇಕು. ರಸ್ತೆ ತೀರಾ ಕಿರಿದಾಗಿದ್ದರೆ ಮಾಡಲಿ, ಉಳಿದ ಅಗಲ ಫುಟ್‌ಪಾತಿಗೆ ಸಿಗಲಿ. ಉಳಿದದ್ದನ್ನೂ ಪಾರ್ಕಿಂಗಿಗೆ ಕೊಟ್ಟರೆ ಏನೂ ಮಾಡಿದಂತಾಗಲಿಲ್ಲ.

---

ದೂರದೂರು · 10:40

ನೆದರ್ಲೆಂಡ್ಸಿನ ಖ್ರೋನಿಂಗೆನ್ ಇನ್ನೊಂದು ದಾರಿ ಹಿಡಿಯಿತು. 1977ರಲ್ಲಿ ನಗರದ ನಡುಭಾಗವನ್ನು ನಾಲ್ಕು ತುಂಡು ಮಾಡಿದರು. ಕಾರಿನಲ್ಲಿ ಯಾವ ತುಂಡಿಗೆ ಬೇಕಾದರೂ ಬರಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ನೇರ ಹೋಗುವಂತಿಲ್ಲ, ಹೊರಗಿನ ವರ್ತುಲ ರಸ್ತೆಗೆ ಹೋಗಿಯೇ ಬರಬೇಕು. ನಡೆದು ಅಥವಾ ಸೈಕಲಿನಲ್ಲಿ ಆದರೆ ನೇರ. ಅಲ್ಲಿನ ಅಂಗಡಿಯವರೂ ಮೊದಲು ಕೂಗಾಡಿದ್ದರು. ಆದರೆ ಪೇಟೆಯನ್ನು ಹಾದುಹೋಗುವ ದಾರಿ ಮಾಡಿಕೊಂಡಿದ್ದ ಕಾರುಗಳೆಲ್ಲ ಮಾಯ.

ಇನ್ನೂ ಹತ್ತಿರದ ಅಳತೆ ಬೇಕು ಅಂದರೆ ಸ್ಪೇನಿನ ಪೊಂಟೆವೆದ್ರಾ. ಎಂಬತ್ತು ಸಾವಿರ ಚಿಲ್ಲರೆ ಜನ. 1999ರಲ್ಲಿ ಬಂದ ಮೇಯರ್ ಲೋರೆಸ್ ಹಳೇ ಪೇಟೆಯಿಂದ ಕಾರುಗಳನ್ನು ಹೊರಗೆ ಹಾಕಿದರು. ಹಾಗಂತ ಕಾರಿನವರನ್ನು ಕೈಬಿಡಲಿಲ್ಲ. ಅಂಚಿನಲ್ಲಿ ದೊಡ್ಡ ಪುಕ್ಕಟೆ ನಿಲುಗಡೆ ಮಾಡಿದರು. ಅಲ್ಲಿಂದ ನಡೆದರೆ ಎಲ್ಲಿಗೆ ಎಷ್ಟು ನಿಮಿಷ ಅಂತ ರೈಲಿನ ನಕ್ಷೆಯ ಹಾಗೆ ನಕ್ಷೆ ಬರೆದು ಅಂಟಿಸಿದರು. ಒಳಗೆ ಸರಕು ಇಳಿಸಲು ಸ್ವಲ್ಪ ಹೊತ್ತು ಬಿಡುತ್ತಾರೆ.

---

ಪೆಟ್ಟಿಗೆಗಾಡಿ · 10:52

ಆ ಮೇಯರನ್ನು ಇಲ್ಲಿಗೆ ಕರೆಸಿ.

---

ಅಂಗಡಿಬಾಗಿಲು · ಸೋಮವಾರ, ರಾತ್ರಿ 9:30

ಕೇಳಿದೆ. ಇವತ್ತು ಬಂದ 46 ಗಿರಾಕಿಗಳಲ್ಲಿ 9 ಜನ ಕಾರು. ನಾನು ಅರ್ಧ ಅಂದುಕೊಂಡಿದ್ದೆ. ಕಾರಿನವರು ದೊಡ್ಡ ವ್ಯಾಪಾರ ಮಾಡುತ್ತಾರೆ ಅನ್ನುವುದು ಬೇರೆ ಮಾತು. ಹೋಗಲಿ, ಆಟದಲ್ಲಿ ಸೋತೆ.

ಬೀದಿಯಲ್ಲಿ ಎಂಟು ಅಂಗಡಿಯವರ ಹತ್ತಿರ ಮಾತಾಡಿದ್ದೇನೆ. ನಾಳೆಯಿಂದ ನಮ್ಮ ಒಂಬತ್ತು ಕಾರು ಹಿಂದಿನ ಖಾಲಿ ಮೈದಾನದಲ್ಲಿ. ನಾಲ್ಕು ನಿಮಿಷದ ನಡಿಗೆ. ಆದರೆ ಆ ದಾರಿಯಲ್ಲಿ ಎರಡು ದೀಪ ಹಾಕಿಸಬೇಕು, ಹೇಳಿದ್ದೇನೆ ನೋಡಿ. ರಾತ್ರಿ ದುಡ್ಡಿನ ಚೀಲದ ವಿಷಯ ತಮಾಷೆಗೆ ಹೇಳಿದ್ದಲ್ಲ.

ಆದರೆ ಶುಲ್ಕ ಎತ್ತಲು ಗುತ್ತಿಗೆದಾರನಿಗೆ ಬೀದಿ ಬರೆದುಕೊಡುವ ಮಾತು ಬಂದರೆ ನಾನು ಮತ್ತೆ ಎದುರು ನಿಲ್ಲುತ್ತೇನೆ.

---

ದೂರದೂರು · 9:55

ಅದರಲ್ಲಿ ನಾನೂ ನಿಮ್ಮ ಪಕ್ಕ. ಶಿಕಾಗೊ ನಗರ 2008ರಲ್ಲಿ ತನ್ನ ಮೀಟರುಗಳನ್ನೆಲ್ಲ 75 ವರ್ಷಕ್ಕೆ ಖಾಸಗಿಯವರಿಗೆ ಬರೆದುಕೊಟ್ಟಿತು. ಈಗ ಒಂದು ಬೀದಿಯಲ್ಲಿ ಪಾರ್ಕಿಂಗ್ ತೆಗೆದು ಬೇರೇನಾದರೂ ಮಾಡಬೇಕೆಂದರೆ ನಗರವೇ ಅವರಿಗೆ ನಷ್ಟ ತುಂಬಿಕೊಡಬೇಕು. ತನ್ನ ರಸ್ತೆಗೆ ತಾನೇ ಬಾಡಿಗೆ. ದುಡ್ಡು ಎತ್ತುವ ಕೆಲಸ ಬೇಕಾದರೆ ವರ್ಷದ ಲೆಕ್ಕದಲ್ಲಿ ಕೊಡಲಿ. ದರ ಎಷ್ಟು, ಎಲ್ಲಿ ನಿಲ್ಲಬೇಕು ಅನ್ನುವುದು ನಗರಸಭೆಯ ಕೈಯಲ್ಲೇ ಇರಲಿ.

---

ಲೆಕ್ಕದಪುಸ್ತಕ · ಮುಂದಿನ ಶನಿವಾರ, ರಾತ್ರಿ 8:40

ಮತ್ತೆ ಎಣಿಸಿದೆ. ಈ ಸಲ ಗಂಟೆಗೊಮ್ಮೆ ಮಾತ್ರ, ಮಂಡಿ ಹಿಡಿದಿದೆ.

ಅಂಗಡಿಯವರ ಒಂಬತ್ತು ಕಾರೂ ಬಂದಿರಲಿಲ್ಲ, ನಿಜಕ್ಕೂ ಮೆಚ್ಚಬೇಕು. ಬೆಳಿಗ್ಗೆ 9ಕ್ಕೆ ಬೀದಿ ನೋಡಿ ಕಣ್ಣು ತಂಪಾಯಿತು. 10ಕ್ಕೆ ಹೋದರೆ ಒಂಬತ್ತರಲ್ಲಿ ಐದು ಜಾಗಕ್ಕೆ ಬೇರೆ ಕಾರು. 11ಕ್ಕೆ ಅವೇ ಕಾರು. ಸಂಜೆ 6ಕ್ಕೂ ಅವೇ. ಮೇಲಿನ ಮಹಡಿಯ ಆಫೀಸುಗಳಿಗೆ ಬರುವವರಂತೆ. ಇಷ್ಟು ದಿನ ಹಿಂದಿನ ಮೈದಾನದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರಂತೆ. ಈಗ ಇಲ್ಲೇ ಜಾಗ ಸಿಗುತ್ತಲ್ಲ ಅಂತ ಬಂದಿದ್ದಾರೆ.

---

ಅಂಗಡಿಬಾಗಿಲು · 8:52

ಅಂದರೆ ನಾನು ನಡೆಯುತ್ತಿರುವುದು ಅವರಿಗೋಸ್ಕರನಾ?

---

ಮೂರನೇಮಹಡಿ · 8:55

ಮಿತಿ ಹಾಕದೆ ಬರೀ ಒಳ್ಳೆತನದಿಂದ ಖಾಲಿ ಮಾಡಿದರೆ ಹೀಗೇ. ಖಾಲಿ ಜಾಗ ಕಂಡವರದ್ದು. ಸೋಮವಾರ ಒಂದು ಅರ್ಜಿ ಬರೆಯೋಣ. ಒಂದೂವರೆ ಗಂಟೆ ಮಿತಿ, ಮೂಲೆಗೆ ಕಂಬ, ಸರಕಿಗೆ ಎರಡು ಜಾಗ, ಸ್ಕೂಟರಿಗೆ ನಾಲ್ಕು, ಇಳಿಜಾರಿನ ಬಾಯಿಗೆ ಒಂದು ಗೂಟ.

---

ಗಾಲಿಕುರ್ಚಿ · 9:04

ಗೂಟ ನೆಡುವಾಗ ನನ್ನನ್ನು ಕರೆಯಿರಿ. ಸ್ಕೂಟರ್ ತಡೆಯಲು ಹೋಗಿ ನನ್ನ ಕುರ್ಚಿಯನ್ನೂ ತಡೆದರೆ ಕಷ್ಟ. ನಡುವೆ 90 ಸೆಂಟಿಮೀಟರ್ ಆದರೂ ಬಿಡಬೇಕು. ನಾನೇ ಟೇಪು ತರುತ್ತೇನೆ.

---

ಅಂಗಡಿಬಾಗಿಲು · 9:11

ಅರ್ಜಿಗೆ ನನ್ನ ಸಹಿ ಇದೆ. ದೀಪದ ವಿಷಯ ಸೇರಿಸಿ. ಮೊದಲ ಸಾಲಿನಲ್ಲೇ.

---

ಸುಮ್ನೆಓದುವವ · 9:15

ಬೆಕ್ಕಿನ ಕಾರು?

---

ಲೆಕ್ಕದಪುಸ್ತಕ · 9:20

ಹೇಳಲು ಮರೆತೆ. ಅದಕ್ಕೆ ಹೊಸ ಕವರ್ ಬಂದಿದೆ. ನೀಲಿ ಬಣ್ಣ.